ರೋಹುವಿನ ತಲೆ

ಚಂಡಮಾರುತಕ್ಕೆ ಕಟ್ಟೆ ಒಡೆದು ಉಪ್ಪುನೀರು ಊರೊಳಗೆ ನುಗ್ಗಿದ ವರ್ಷ ಮೊರ್ಜಿನಾ ದಿಬ್ಬದ ಮನೆಯ ಮುದುಕಿ ಸೂರ್ಯಬಾನು ಚಾಚಿಗೆ ಒಂದು ಮಾತು ಕೊಟ್ಟಿದ್ದಳು: "ನಮ್ಮ ಕೊಳದಾಗೆ ಮತ್ತೆ ರೋಹು ಮೀನು ಬೆಳೆದ್ರೆ, ಮೊದಲ್ನೇ ತಲೆ ನಿನ್ನ ತಟ್ಟೆಗೆ."

ಆ ವರ್ಷ ಎಲ್ಲರ ಕೊಳದಲ್ಲೂ ಸತ್ತ ಮೀನು ತೇಲಿತ್ತು. ದಿಬ್ಬದ ಮೇಲಿನ ಚಾಚಿಯ ಕೊಳವೊಂದೇ ಸಿಹಿಯಾಗಿ ಉಳಿದಿತ್ತು. ಊರೆಲ್ಲ ಅದೇ ನೀರು ಕುಡಿಯಿತು. ಆಕೆ ಯಾರಿಗೂ ಇಲ್ಲವೆನ್ನಲಿಲ್ಲ. ಆ ಊರಿನ ರೂಢಿಯಲ್ಲಿ ರೋಹುವಿನ ತಲೆ ಬಡಿಸುವುದು ಅಳಿಯನಿಗೆ, ಇಲ್ಲವೇ ಮನೆಯ ಯಜಮಾನನಿಗೆ. ಗಂಡನೂ ಮಕ್ಕಳೂ ಇಲ್ಲದ ಚಾಚಿಗೆ ಅದನ್ನು ಯಾರು ಬಡಿಸಬೇಕು? ಮೊರ್ಜಿನಾ ಮಾತು ಕೊಟ್ಟಾಗ ಆಕೆ ನಕ್ಕುಬಿಟ್ಟಿದ್ದಳು.

ಮಳೆಗಾಲಗಳು ಉಪ್ಪನ್ನು ತೊಳೆದವು. ಏಳು ಮನೆಯ ಹೆಂಗಸರು ನಡುವಿನ ಬದುಗಳನ್ನು ಒಡೆದು ತಮ್ಮ ಏಳು ಪುಟ್ಟ ಕೊಳಗಳನ್ನು ಒಂದೇ ದೊಡ್ಡ ಕೊಳ ಮಾಡಿ ಸಂಘ ಕಟ್ಟಿದರು. ಬೆರಳುದ್ದದ ಮೊಲಾ ಮೀನುಗಳನ್ನು ಚಾಚಿಯೇ ತನ್ನ ಕೊಳದಿಂದ ಕೊಡದಲ್ಲಿ ತಂದು ಬಿಟ್ಟಳು. ಸಂಘದ ನಿಯಮ ಒಂದೇ: ಮೊಲಾ ಮನೆಮಕ್ಕಳ ಅನ್ನಕ್ಕೆ, ರೋಹು ಜೀವಂತವಾಗಿ ಪೇಟೆಗೆ. ಚಂಡಮಾರುತಕ್ಕೂ ಮೊದಲೇ, ಒಬ್ಬೊಬ್ಬರೂ ಬೇಕೆಂದಾಗ ಹಿಡಿದು ತಿಂದು ಕೊಳಗಳು ಅರ್ಧ ಬರಿದಾಗಿದ್ದವು. ಹಾಗಾಗಿ ಈ ನಿಯಮಕ್ಕೆ ಹಟ ಹಿಡಿದವಳು ಮೊರ್ಜಿನಾಳೇ.

ಮೊದಲ ಬಲೆ ಎಳೆದ ಬೆಳಿಗ್ಗೆ ಬಲೆ ತುಂಬ ರೋಹುಗಳು ಕುಣಿದವು. ನೀರಿನ ಪೀಪಾಯಿ ಹೊತ್ತ, ಪೇಟೆಯ ಮೀನು ವ್ಯಾಪಾರಿಯ ಗಾಡಿ ದಂಡೆಯಲ್ಲಿ ಕಾಯುತ್ತಿತ್ತು. ಮೊರ್ಜಿನಾ ಒದ್ದೆ ಸೆರಗು ಹಿಂಡುತ್ತ, ತಗ್ಗಿದ ದನಿಯಲ್ಲಿ ತನ್ನ ಹಳೇ ಮಾತನ್ನು ಹೇಳಿ, ಒಂದು ತಲೆ ಬೇಕಿತ್ತು ಎಂದಳು.

ಹರಿತ ನಾಲಿಗೆಯ ಹಲೀಮಾ ಬಲೆಯ ಹಗ್ಗ ಬಿಡದೆಯೇ ಕೇಳಿದಳು: "ತಲೆ ಚಾಚಿಗೆ ಸರಿ ಕಣೇ. ಬಾಲ ಪೀಪಾಯಿಯೊಳಗೆ ಈಜ್ಕೊಂಡು ಪೇಟೆಗೆ ಹೋಗುತ್ತಾ?"

ಎಲ್ಲರೂ ನಕ್ಕರು, ಮೊರ್ಜಿನಾಳೂ ನಕ್ಕಳು. ನಿಯಮ ಅವಳದೇ, ಅವಳೇ ಮುರಿದರೆ ನಾಳೆ ಯಾರು ಕೇಳಿಯಾರು? ರೋಹುಗಳು ಒಂದೊಂದಾಗಿ ಪೀಪಾಯಿಗೆ ಬಿದ್ದವು. ಅವಳು ಕೊನೆಯದರ ಕಡೆ ನೋಡಲಿಲ್ಲ. ತನ್ನ ಮನೆಪಾಲಿನ ಮೊಲಾ ಬುಟ್ಟಿಯನ್ನು ಗಾಡಿಯವನ ಮುಂದಿಟ್ಟು, ಇದಕ್ಕೆ ಬದಲು ಒಂದು ರೋಹು ಬಿಡುವೆಯಾ ಎಂದು ಕೇಳಿದಳು. ಇಷ್ಟಕ್ಕೆ ರೋಹುವಿನ ಮೀಸೆಯೂ ಬರುವುದಿಲ್ಲ ಎಂದ ಅವನು.

ಹಲೀಮಾ ಹಗ್ಗ ಬಿಟ್ಟಳು. ತನ್ನ ಬುಟ್ಟಿ ತಂದು ಮೊರ್ಜಿನಾಳ ಬುಟ್ಟಿಗೆ ಸುರಿದಳು.

"ಇವುಗಳ ಅಜ್ಜಿ-ಮುತ್ತಜ್ಜಿ ಚಾಚಿ ಕೊಡದಾಗೇ ಬಂದಿದ್ದಲ್ವಾ," ಎಂದಳು. "ನನ್ ಮಕ್ಳು ಒಂದಿನ ಬೇಳೆಸಾರು ತಿಂದ್ರೆ ಸಾಯಲ್ಲ."

ಉಳಿದವರೂ ಸುರಿದರು. ಬುಟ್ಟಿ ತುಂಬಿ ಬೆಳ್ಳಿಯಂತೆ ಮಿನುಗಿತು. ಗಾಡಿಯವನು ತಲೆ ಕೆರೆದುಕೊಂಡು, ಪೀಪಾಯಿಯೊಳಗೆ ಕೈಯಾಡಿಸಿ ದೊಡ್ಡದೊಂದನ್ನೇ ಎತ್ತಿಕೊಟ್ಟ.

ಮಧ್ಯಾಹ್ನ ಮೊರ್ಜಿನಾಳ ಅಂಗಳದ ಚಾಪೆಯ ಮೇಲೆ ಚಾಚಿಯನ್ನು ಕೂರಿಸಿ ತಟ್ಟೆ ಇಟ್ಟರು. ಆಕೆ ಮೀನಿನ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನನಗೆ ಹಲ್ಲೇ ಇಲ್ವಲ್ಲೇ, ಹುಚ್ಚಿ," ಎಂದಳು.

"ಚೀಪು," ಎಂದಳು ಮೊರ್ಜಿನಾ.

ಚಾಚಿ ಕೊನೆಯ ಮೂಳೆಯವರೆಗೂ ಚೀಪಿದಳು. ಮೊರ್ಜಿನಾ ಕೊಟ್ಟ ಮಾತು ನಡೆಯಿತು.