ಹುಟ್ಟದ ಕೂಸಿನ ಸ್ನಾನಕ್ಕೆ ಅಂಬಮ್ಮನ ಬಸ್ಕಿ

೧

ಎಲ್ಲಿಂದ ಶುರು ಮಾಡಲಿ? "ರಾಯದುರ್ಗದ ಬೆಳಗು ಹೊಲಿಗೆ ಮಷಿನಿನ ಸದ್ದಿಗೆ ಕಣ್ಣುಬಿಟ್ಟಿತು" ಎಂದು ಬರೆದಿದ್ದೆ. ಅಂಬಮ್ಮ ಒಪ್ಪಲಿಲ್ಲ. ಬೆಳಿಗ್ಗೆ ಕರೆಂಟೇ ಇರುವುದಿಲ್ಲ, ಯಾವ ಮಷಿನು ಸದ್ದು ಮಾಡುತ್ತದೆ ಎಂದು ಕೇಳಿದಳು. ಹರಿದು ಹಾಕಿದೆ.

(ಅಂಬಮ್ಮ ಈ ಕಥೆಯ ನಾಯಕಿ. ಗುಮ್ಮಘಟ್ಟದ ಕಡೆಯವಳು, ವಯಸ್ಸು ಐವತ್ತೆರಡು. ಹದಿನೈದು ವರ್ಷದಿಂದ ರಾಯದುರ್ಗದ ಒಂದು ಹೊಲಿಗೆ ಯೂನಿಟ್ಟಿನಲ್ಲಿ ಜೀನ್ಸ್ ಪ್ಯಾಂಟಿನ ಸೈಡು ಹೊಲಿಯುತ್ತಿದ್ದಾಳೆ. ನನ್ನ ವಾಕ್ಯಗಳನ್ನೂ ಬಿಚ್ಚಿ ಹೊಲಿಯಬಲ್ಲೆ ಎಂಬ ನಂಬಿಕೆ ಅವಳಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ.)

೨

ಸರಿ, ಮೊಣಕಾಲಿನಿಂದ ಶುರು ಮಾಡುತ್ತೇನೆ. ಸ್ಟೂಲಿನ ಮೇಲೆ ಕೂತು ಕೂತು ಅಂಬಮ್ಮನ ಮೊಣಕಾಲು ಬಿಗಿದು, ನೆಲಕ್ಕೆ ಕೂತು ಮೂರು ವರ್ಷವಾಗಿತ್ತು. ಅದರಿಂದ ಅವಳಿಗೆ ಅಂಥ ಬೇಸರವೇನೂ ಇರಲಿಲ್ಲ. ಆದರೆ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಮಗಳು ಭುವನಾ ಬಸುರಿಯಾದಳು. ಬಾಣಂತನಕ್ಕೆ ತವರಿಗೇ ಬರಬೇಕು. ಕೂಸಿಗೆ ನೀರು ಹಾಕುವ ಅಜ್ಜಿ ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಳ್ಳಬೇಕು. ನೆಲಕ್ಕೆ ಕೂರಲಾಗದ ಅಜ್ಜಿ ಏನು ಮಾಡಬೇಕು?

ಭುವನಾ ಫೋನಿನಲ್ಲಿ ತಾನೇ ದಾರಿ ಹೇಳಿದಳು. ಪ್ಲಾಸ್ಟಿಕ್ ಟಬ್ ತರುತ್ತಾಳಂತೆ, ಮೇಜಿನ ಮೇಲಿಟ್ಟು ತೊಳೆದರಾಯಿತಂತೆ. ಅಮ್ಮ ತ್ರಾಸ ತೆಗೆದುಕೊಳ್ಳುವುದು ಬೇಡವಂತೆ.

"ಟಬ್ಬಿನ್ಯಾಗ ತೊಳಿಯಾಕ ಅದೇನು ಪ್ಯಾಂಟೇನ್ರಿ?" ಎಂದು ಅಂಬಮ್ಮ ನನ್ನನ್ನೇ ಕೇಳಿದಳು. ಸಿಟ್ಟಿನ ಹಿಂದೆ ಅಳು ಇತ್ತು. ನಾನು ಪೆನ್ನಿನ ಕ್ಯಾಪು ಹುಡುಕುವ ನಾಟಕ ಮಾಡಿದೆ.

೩

ಅಂಬಮ್ಮನ ಮೊಣಕಾಲು ಸಡಿಲಿಸಲು ಒಂದು ಆಟ ಕಟ್ಟಿದ್ದು ಪಕ್ಕದ ಮಷಿನಿನ ಕೊಟ್ರಮ್ಮ. ಯೂನಿಟ್ಟಿಗೆ ಬರುವ ಪ್ರತಿ ಬಂಡಲಿಗೂ ನಂಬರಿನ ಚೀಟಿ ಇರುತ್ತದೆ. ಬಂಡಲ್ ಬಿಚ್ಚುವ ಮೊದಲು ಚೀಟಿಯ ಕೊನೆಯ ಅಂಕಿ ನೋಡಬೇಕು, ಅಷ್ಟು ಬಸ್ಕಿ ಹೊಡೆಯಬೇಕು. ಸೊನ್ನೆ ಬಂದರೆ ನೀರು ಕುಡಿಯಬಹುದು. ಏಳುವಾಗ ಮಷಿನು ಹಿಡಿಯಬಾರದು.

ಅಂಬಮ್ಮನಿಗೆ ಮಾತ್ರ ಒಂದು ಸೌಲಭ್ಯ. ಮೂಲೆಯಲ್ಲಿದ್ದ ರಿಜೆಕ್ಟ್ ಪ್ಯಾಂಟುಗಳನ್ನು ಮಡಚಿ, ಇಪ್ಪತ್ತು ಪ್ಯಾಂಟಿನ ಅಟ್ಟಿ ಕಟ್ಟಿದರು. ಅದರ ಮೇಲೆ ಕೂತು ಏಳಬೇಕು. ದಿನಕ್ಕೊಂದು ಪ್ಯಾಂಟು ತೆಗೆಯುವುದು. ಅಟ್ಟಿ ಮುಗಿದ ದಿನ ನೆಲ.

ಶಾಲೆಯಲ್ಲಿ ಮೇಷ್ಟ್ರು ಶಿಕ್ಷೆಯೆಂದು ಹೊಡೆಸುತ್ತಿದ್ದ ಬಸ್ಕಿಯನ್ನು ಜನ ನಗುನಗುತ್ತಾ ಹೊಡೆಯುವುದನ್ನು ನಾನು ಮೊದಲ ಸಲ ಬರೆಯುತ್ತಿದ್ದೇನೆ. (ಹೊಟ್ಟೆಕಿಚ್ಚಿಗೆ ನಾನೂ ಸೇರಿಕೊಂಡೆ. ಕಥೆಯ ಪ್ರತಿ ಭಾಗದ ತಲೆಯ ಮೇಲೆ ಎಷ್ಟು ನಂಬರೋ ಅಷ್ಟು ಬಸ್ಕಿ ಹೊಡೆದೇ ಬರೆಯಬೇಕು. ಈಗ ಒಟ್ಟು ಆರಾಯಿತು. ಉಸಿರು ಬಿಟ್ಟುಕೊಂಡು ಬರುತ್ತೇನೆ, ಇರಿ.)

೪

ಹದಿನೈದು, ಹನ್ನೆರಡು, ಒಂಬತ್ತು. ಅಟ್ಟಿ ಇಳಿಯಿತು, ಅಂಬಮ್ಮನೂ ಇಳಿದಳು. ಆರು ಪ್ಯಾಂಟು ಉಳಿದಾಗ ನಿಂತುಹೋಯಿತು. ಒಂದು ವಾರವಾದರೂ ಐದಕ್ಕೆ ಬರಲಿಲ್ಲ. ಭುವನಾ ಸೋಮವಾರ ಬರುವವಳಿದ್ದಳು, ಟಬ್ಬಿನ ಸಮೇತ.

೧

(ಐದು ಬರೆಯಬೇಕಿತ್ತು, ಗೊತ್ತು. ತೊಡೆ ನಡುಗುತ್ತಿದೆ. ಯಾರೂ ನೋಡುತ್ತಿಲ್ಲ ಅಂದುಕೊಂಡು ಒಂದನ್ನು ಹಾಕಿದ್ದೇನೆ.)

ಅಂಬಮ್ಮ ಮಾಡಿದ್ದೂ ಇದನ್ನೇ. ಶುಕ್ರವಾರ ಅವಳ ಪಾಲಿಗೆ ನಲವತ್ತೊಂಬತ್ತು ಬಂತು. ಒಂಬತ್ತು ಬಸ್ಕಿ! ಆಚೀಚೆ ನೋಡಿ, ಚೀಟಿ ಕಿತ್ತು, ಪಕ್ಕದ ನಲವತ್ತೊಂದರ ಚೀಟಿ ಕಟ್ಟಿಕೊಂಡಳು. ಒಂದೇ ಬಸ್ಕಿ ಹೊಡೆದು ಹೊಲಿಗೆಗೆ ಕೂತಳು.

ಆ ನಂಬರು ಬಸ್ಕಿಗಾಗಿ ಹುಟ್ಟಿದ್ದಲ್ಲ ಎಂಬುದನ್ನು ಅವಳು ಮರೆತಿದ್ದಳು. ಪ್ಯಾಂಟಿನ ಮುಂಭಾಗ ಒಂದು ಬಂಡಲ್, ಹಿಂಭಾಗ ಇನ್ನೊಂದು. ಒಂದೇ ಥಾನಿನ ಬಟ್ಟೆ ಒಂದಕ್ಕೊಂದು ಸೇರಲಿ ಎಂದು ಎರಡಕ್ಕೂ ಒಂದೇ ನಂಬರು. ಮಧ್ಯಾಹ್ನ ಯೂನಿಟ್ಟಿನ ಯಜಮಾನ ಎರ್ರಿಸ್ವಾಮಿ ಒಂದು ಪ್ಯಾಂಟು ಎತ್ತಿ ಹಿಡಿದ. ಮುಂದೆ ನಲವತ್ತೊಂಬತ್ತರ ಕಡುನೀಲಿ, ಹಿಂದೆ ನಲವತ್ತೊಂದರ ಮಾಸಲು ನೀಲಿ. ಅಂಥವು ಇಪ್ಪತ್ತು.

ಇಲ್ಲಿ ನಾನೊಂದು ಒಳ್ಳೆಯ ತಿರುವು ಕೊಟ್ಟಿದ್ದೆ. ಎರಡು ಬಣ್ಣದ ಪ್ಯಾಂಟು ಫ್ಯಾಷನ್ ಆಗಿ ಬಳ್ಳಾರಿಯಿಂದ ಆರ್ಡರ್ ಬರುತ್ತದೆ, ಎಲ್ಲರೂ ಕುಣಿಯುತ್ತಾರೆ. ಅಂಬಮ್ಮ ಓದಿಸಿಕೊಂಡು ಕೇಳಿ, ಅಂಥ ಪ್ಯಾಂಟು ನೀವು ಹಾಕೊಂಡು ಬಜಾರಕ್ಕೆ ಹೋಗುತ್ತೀರಾ ಎಂದಳು. ಅದನ್ನೂ ಹರಿದೆ.

೨

ನಡೆದದ್ದು ಇಷ್ಟು. ಚೀಟಿ ಬದಲಿಸಿದ್ದು ತಾನೇ ಎಂದು ಅಂಬಮ್ಮ ಒಪ್ಪಿಕೊಂಡಳು. ಎರ್ರಿಸ್ವಾಮಿ ಕೂಗಾಡಲಿಲ್ಲ, ಇವತ್ತಿಗೆ ಆಟ ಬಂದ್ ಎಂದ. ಇಪ್ಪತ್ತೂ ಪ್ಯಾಂಟು ಬಿಚ್ಚಬೇಕು. ಬಿಚ್ಚುವ ಕೆಲಸಕ್ಕೆ ಬೆಳಕು ಬೇಕು, ಹಾಗಾಗಿ ಅದನ್ನು ಅಂಗಳದಲ್ಲಿ ಚಾಪೆ ಹಾಸಿಯೇ ಮಾಡುವುದು. ತಪ್ಪು ನನ್ನದು, ನಾನೊಬ್ಬಳೇ ಬಿಚ್ಚುತ್ತೇನೆ ಎನ್ನುತ್ತಾ ಅಂಬಮ್ಮ ಬ್ಲೇಡು ಹಿಡಿದು ಹೊರಗೆ ನಡೆದಳು. ಉಳಿದವರೂ ಎದ್ದು ಹಿಂದೆಯೇ ಹೋದರು.

ಏಳನೆಯದೋ ಎಂಟನೆಯದೋ ಪ್ಯಾಂಟು ಬಿಚ್ಚುವಾಗ ಕೊಟ್ರಮ್ಮನ ಕೈ ನಿಂತಿತು.

"ಅಂಬಕ್ಕಾ, ನೀ ನೆಲದ ಮ್ಯಾಲೆ ಕುಂತೀದಿ."

ಕೂತಿದ್ದಳು. ನಾಚಿಕೆಯಲ್ಲಿ ಮೊಣಕಾಲನ್ನೇ ಮರೆತು ಕೂತಿದ್ದಳು. ಎರಡೂ ಕಾಲು ನೀಡಿದ್ದಳು. ಕಾಲ ಮೇಲೆ ಒಂದು ಪ್ಯಾಂಟು ಬೋರಲು ಮಲಗಿತ್ತು.

ಬಾಗಿಲಲ್ಲಿ ನಿಂತಿದ್ದ ಎರ್ರಿಸ್ವಾಮಿ ನಿಜವಾದ ನಂಬರು ಎಷ್ಟು ಎಂದು ಕೇಳಿದ. ನಲವತ್ತೊಂಬತ್ತು ಎಂದಳು.

"ಹಂಗಾರ ಇನ್ನಾ ಎಂಟು ಬಾಕಿ ಅದಾವ. ಎದ್ದೇಳು."

ಆಟ ಬಂದ್ ಮಾಡಿದವನೇ ಹೀಗೆಂದ. ಅಂಬಮ್ಮ ಹೂವಿನಂತೆ ಹಗುರಾಗಿ ಎದ್ದಳು...

"ಸುಳ್ಳು ಬರೀಬ್ಯಾಡ್ರಿ. ಒಂದು ಕೈ ನೆಲಕ್ಕ ಊರಿದ್ದೆ. ಯವ್ವಾ ಅಂತ ಒದರಿದ್ದೆ."

ಆಯಿತು. ಒಂದು ಕೈ ಊರಿ, ಯವ್ವಾ ಎಂದು ಒದರಿ, ಎದ್ದಳು. ಮಷಿನು ಹಿಡಿಯಬಾರದು ಎಂದಷ್ಟೇ ರೂಲ್ಸು, ನೆಲ ಹಿಡಿಯಬಾರದೆಂದು ಯಾರೂ ಹೇಳಿಲ್ಲ ಎಂದು ಕೊಟ್ರಮ್ಮ ತೀರ್ಪು ಕೊಟ್ಟಳು. ಉಳಿದ ಏಳನ್ನು ನಾಳೆಗೆ ಇಟ್ಟುಕೊಂಡರು.

೩

ಸೋಮವಾರ ಭುವನಾ ಬಂದಳು. ಟಬ್ ಈಗ ಅಂಬಮ್ಮನ ಮಷಿನಿನ ಕೆಳಗಿದೆ, ಕತ್ತರಿಸಿದ ದಾರ ಹಾಕಲಿಕ್ಕೆ. ಇನ್ನು ಉಳಿದದ್ದು ಒಂದೇ, ಸ್ನಾನದ ದೃಶ್ಯ. ಬಿಸಿನೀರು, ಹರಳೆಣ್ಣೆ, ಕೂಸಿನ ಅಳು, ಅಜ್ಜಿಯ ಕಾಲು. ಮೂರು ಬಗೆಯಲ್ಲಿ ಬರೆದಿಟ್ಟಿದ್ದೆ. ಒಂದರಲ್ಲಿ ಹೆಣ್ಣು, ಒಂದರಲ್ಲಿ ಗಂಡು, ಇನ್ನೊಂದರಲ್ಲಿ ಧೈರ್ಯ ಬಂದು ಅವಳಿ.

ಅಂಬಮ್ಮ ಮೂರನ್ನೂ ಕಸಿದುಕೊಂಡಳು.

"ಹುಟ್ಟೂಕಿಂತ ಮೊದಲ ಕೂಸಿನ ತಲಿಗೆ ಕುಲಾಯಿನೂ ಹೊಲಿಯಂಗಿಲ್ರಿ ನಾವು. ನೀವು ನೀರೇ ಹಾಕಾಕ ಹೊಂಟೀರಿ."

ಹಾಗಾದರೆ ಕಥೆ ಮುಗಿಸುವುದು ಹೇಗೆ ಎಂದು ಕೇಳಿದೆ. ದಿನ ತುಂಬಲು ಇನ್ನೂ ಐದು ವಾರವಿದೆ, ಅಲ್ಲಿಯವರೆಗೆ ಮುಗಿಸುವ ಗೊಡವೆ ಯಾಕೆ ಎಂದಳು. ಮಗಳು ನೋಡುತ್ತಿದ್ದಂತೆಯೇ ನೆಲಕ್ಕೆ ಕೂತಳು, ಕಾಲು ನೀಡಿದಳು. ಕಾಲ ಮೇಲೆ ಏನನ್ನೂ ಇಟ್ಟುಕೊಳ್ಳಲಿಲ್ಲ. ಭುವನಾ ಎತ್ತಲು ಕೈ ಚಾಚಿದಾಗ ಬೇಡವೆಂದು ತಲೆಯಾಡಿಸಿ, ನನ್ನ ಕಡೆ ತಿರುಗಿದಳು.

"ಅಲ್ರಿ, ನಾಕರ ಮುಂದ ಒಂದು ಹೆಂಗ ಬಂತು?"

ಸಿಕ್ಕಿಬಿದ್ದೆ. ಮೇಜು ಹಿಡಿಯದೆ ಕುರ್ಚಿಯಿಂದ ಏಳುತ್ತಿದ್ದೇನೆ. ಅತ್ತ ಅವಳೂ ಏಳುತ್ತಿದ್ದಾಳೆ.

೫