ಸೊಳ್ಳೆ ಕೂರದ ನೀರು

ಘಣಸೋಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಪಕ್ಕದ ಪೆಟ್ರೋಲ್ ಪಂಪ್ ಮುಚ್ಚಿ ಏಳು ವರ್ಷವಾಗಿತ್ತು. 2012ರ ಮಳೆಗಾಲ ಮುಗಿಯುತ್ತಿದ್ದಂತೆ ಅಲ್ಲಿ ಕಟ್ಟಡದ ಕೆಲಸ ಶುರುವಾಯಿತು. ಲಿಫ್ಟಿಗೆಂದು ತೋಡಿದ ಗುಂಡಿಯಲ್ಲಿ ಒಸರು ನೀರು ತುಂಬಿತು. ಅಲ್ಲೇ ತಗಡಿನ ಶೆಡ್ಡಿನಲ್ಲಿದ್ದ, ಕಲಬುರಗಿ ಕಡೆಯ ಕೂಲಿಯಾಳು ಗುರಮ್ಮ ಬಟ್ಟೆಗೂ ಪಾತ್ರೆಗೂ ಅದನ್ನೇ ಬಳಸುತ್ತಿದ್ದಳು. ಕುಡಿಯಲು ಮಾತ್ರ ಟ್ಯಾಂಕರ್ ನೀರು.

ನನಗೆ ಡೆಂಗಿಯ ಭಯ. ಬಾಲ್ಕನಿಯ ಕುಂಡದ ತಟ್ಟೆಗಳನ್ನೂ ದಿನಕ್ಕೆರಡು ಬಾರಿ ಒರೆಸುವವಳು ನಾನು. ಒಂದು ಬೆಳಿಗ್ಗೆ ಟಾರ್ಚ್ ಹಿಡಿದು ಆ ಗುಂಡಿಯನ್ನೇ ನೋಡಲು ಹೋದೆ. ಒಂದು ಸೊಳ್ಳೆಮರಿಯೂ ಕಾಣಲಿಲ್ಲ. ಏನೋ ವಾಸನೆ ಇತ್ತು. ಪಕ್ಕದಲ್ಲೇ ಜನರೇಟರ್ ಇತ್ತಲ್ಲ, ಅದರದ್ದೆಂದುಕೊಂಡೆ.

“ಒಳ್ಳೆ ನೀರು ಮಾರಾಯ್ತಿ, ಒಂದೇ ಒಂದು ನುಸಿಮರಿ ಇಲ್ಲ,” ಎಂದೆ ಗುರಮ್ಮನಿಗೆ.

“ಗುಂಗಾಡಿಗೂ ಗೊತ್ತದರೀ ಅಕ್ಕಾರ, ಇಲ್ಲಿ ಹುಟ್ಟಿದ್ರ ಕುಡ್ಯಾಕ ರಕ್ತ ಸಿಗಂಗಿಲ್ಲಂತ,” ಗುರಮ್ಮ ನಕ್ಕಳು. ಅವಳ ಮಗಳು ಅನಸೂಯಾ ಶೆಡ್ಡಿನಲ್ಲೇ ಹೆತ್ತು ಆರು ದಿನವಾಗಿತ್ತು. “ಹಂಗಾದ್ರ ಕೂಸಿಗೂ ಇದನ್ನೇ ಬಿಸಲಿಗಿಟ್ಟು ಎರಿತೀನಿ. ಓದಿದೋರು ಹೇಳಿದ ಮ್ಯಾಲ ಮುಗೀತು.”

ಐದು ದಿನ ಬಿಟ್ಟು ನನ್ನನ್ನು ಪೂಜೆಗೆ ಕರೆದಳು. ಬಾಣಂತಿ ಗಂಗೆಯನ್ನು ಪೂಜಿಸಿಯೇ ಕೊಡ ಮುಟ್ಟಬೇಕು. ಊರಲ್ಲಾದರೆ ಬಾವಿ, ಇಲ್ಲಿ ಆ ಗುಂಡಿ. ಹಿಂದಿನ ದಿನವಷ್ಟೇ ಜೆಸಿಬಿ ಅದನ್ನು ಇನ್ನಷ್ಟು ಅಗಲ ಮಾಡಿತ್ತು. ಅನಸೂಯಾ ಅಂಚಿಗೆ ಅರಿಸಿನ ಕುಂಕುಮ ಇಟ್ಟು, ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ ನೀರಿಗೆ ತೇಲಿಬಿಟ್ಟಳು.

ಎಲೆಯ ಸುತ್ತ ನೀಲಿ ಉರಿ ಬಿಚ್ಚಿಕೊಂಡಿತು. ಗಾಳಿಗಿರಬೇಕು ಎಂದುಕೊಂಡೆ. ಮರುಗಳಿಗೆಗೆ ಅದು ನೀರಿನ ಮೇಲೆಯೇ ಓಡಿ ಎದುರಿನ ಮಣ್ಣಿನ ಗೋಡೆ ಮುಟ್ಟಿತು.

ನೀರು ಉರಿಯುತ್ತಿತ್ತು.

ನಾನು ಅನಸೂಯಾಳ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಗಂಡಸರು ಬುಟ್ಟಿಗಟ್ಟಲೆ ಮರಳು ಸುರಿದರು. ಬೆಂಕಿ ಆರಿತು. ಗೋಡೆಯ ಮಣ್ಣು ಕುಸಿದ ಕಡೆ, ತುಕ್ಕು ಹಿಡಿದು ತೂತಾದ ಹಳೆಯ ಟ್ಯಾಂಕಿನ ಬೆನ್ನು ಕಂಡಿತು. ಪಂಪನ್ನು ಕಿತ್ತವರು ಅದನ್ನು ಒಳಗೇ ಬಿಟ್ಟುಹೋಗಿದ್ದರು. ಅದು ಏಳು ವರ್ಷದಿಂದ ಮಣ್ಣಿಗೆ ಒಸರುತ್ತಲೇ ಇತ್ತು.

“ಗಂಗವ್ವ ಸಿಟ್ಟಾಗ್ಯಾಳ,” ಯಾರೋ ಕೈಮುಗಿದರು. ಗುರಮ್ಮ ಮುಗಿಯಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

“ಐದು ದಿನ ಎರದೀನ್ರೀ.”

ಶೆಡ್ಡಿಗೆ ಓಡಿ ಕೂಸನ್ನು ಎತ್ತಿ ತಂದಳು. ಬೆನ್ನ ತುಂಬ ಕೆಂಪು ಗುಳ್ಳೆ. “ಸೆಕಿಗೆ ಎದ್ದಾವ ಅನ್ಕೊಂಡಿದ್ದೆ.” ನಾನು ಬಗ್ಗಿ ಕೂಸಿನ ನೆತ್ತಿ ಮೂಸಿದೆ. ಸ್ಕೂಟರಿನ ಟ್ಯಾಂಕಿನ ಮುಚ್ಚಳ ತೆರೆದಾಗ ಬರುವ ವಾಸನೆ.

“ಆಸ್ಪತ್ರೆಗೆ ಹೋಗುವ, ರಿಕ್ಷಾ ಕರೀತೇನೆ,” ಎಂದು ಕೈ ಚಾಚಿದೆ.

ಗುರಮ್ಮ ರಿಕ್ಷಾ ಹತ್ತಿದಳು. ಕೂಸನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ.