ಸೂಜಿಮೊನೆಯ ಚಿಕ್ಕಿ

ಮೂರು ಬೆರಳನ್ನು ವಿಭೂತಿಯಲ್ಲಿ ಅದ್ದಿ ಕಸ್ತೂರೆವ್ವ ಗಂಡನ ಹಣೆಯ ಮೇಲೆ ಎಳೆಯುತ್ತಿದ್ದಳು. ಬೆರಳು ಇನ್ನೂ ಹಣೆಯ ನಡುವೆ ಇದ್ದವು, ಅಷ್ಟರಲ್ಲಿ ಅಂಗಳದಿಂದ ಯಾರೋ ಹೆಂಗಸು ಗಟ್ಟಿಯಾಗಿ ಕೂಗಿದಳು.

“ರಾಚವ್ವಾ! ಏ ರಾಚವ್ವಾ, ಚಪ್ಪಲಿ ಅಲ್ಲೇ ಬಿಟ್ಟು ಒಳಗ ಬಾ. ಮುತ್ಯಾಗ ನಮಸ್ಕಾರ ಮಾಡು.”

ಕಸ್ತೂರೆವ್ವನ ಕೈ ಜಾರಿತು. ಮೂರೂ ಗೆರೆ ಸೊಟ್ಟಗಾಗಿ ಬಲಗಡೆಯ ಹುಬ್ಬಿಗೆ ಇಳಿದವು.

“ಪಾಪ, ಕೈಯಾಗ ತ್ರಾಣ ಉಳಿದಿಲ್ಲ ಆಕಿಗಿ,” ಎಂದು ಪಕ್ಕದ ಹೆಂಗಸರು ಅವಳ ಭುಜ ಹಿಡಿದು ಕೂರಿಸಿದರು. ತ್ರಾಣವೇನೋ ಇತ್ತು. ಆ ಹೆಸರು ಆ ಮನೆಯಲ್ಲಿ ಕೇಳಿ ಮೂವತ್ತು ವರ್ಷವಾಗಿತ್ತು.

ನಡುಮನೆಯ ಗೋಡೆಗೆ ಆನಿಸಿ ಗಂಡ ಶಂಕ್ರೆಪ್ಪನ ಹೆಣವನ್ನು ಕೂರಿಸಿದ್ದರು. ತಲೆಗೆ ರುಮಾಲು, ಕೊರಳಿಗೆ ಮಾಲೆ. ನಾಲ್ಕು ಜನ ಸೇರಿದರೆ ಸುಮ್ಮನಿರಲು ಬಾರದ ಮನುಷ್ಯ, ಇವತ್ತು ಅರ್ಧ ತೊರವಿ ಊರೇ ಸೇರಿದ್ದರೂ ಬಾಯಿ ಮುಚ್ಚಿ ಕುಳಿತಿದ್ದ. ಊರ ಹೊರಗಿನ ಖಗೋಳ ಕೇಂದ್ರಕ್ಕೆ ಅವನು ಸೇರಿದ್ದು ವ್ಯಾನಿನ ಡ್ರೈವರ್ ಆಗಿ. ಹದಿನೇಳು ಬೇಸಿಗೆ ಕಳೆಯುವಷ್ಟರಲ್ಲಿ ಜನರಿಗೆ ಆಕಾಶ ತೋರಿಸುವವನೇ ಅವನಾಗಿದ್ದ. ಏಪ್ರಿಲ್, ಮೇ ಬಂತೆಂದರೆ ಭಾನುವಾರ ಕೇಂದ್ರದ ದೊಡ್ಡ ಗುಮ್ಮಟದೊಳಗೆ ವಿಜಯಪುರದ ಸಂಸಾರಗಳು ಬುತ್ತಿ ಕಟ್ಟಿಕೊಂಡು ಬಂದು ಪ್ರದರ್ಶನ ನೋಡುತ್ತಿದ್ದವು. ಉಳಿದ ದಿನ ಶಂಕ್ರೆಪ್ಪ, ಮೆಕ್ಯಾನಿಕ್ ಇಮ್ರಾನ ಇಬ್ಬರೂ ಗಾಳಿ ತುಂಬಿ ಉಬ್ಬಿಸುವ ಕಪ್ಪು ಡೇರೆಯನ್ನು ವ್ಯಾನಿಗೆ ಹೇರಿಕೊಂಡು ತಿಕೋಟಾ, ಕನಮಡಿ, ಕಾಖಂಡಕಿ ಎಂದು ಹೊರಡುತ್ತಿದ್ದರು. ಶಾಲೆಯ ಬಯಲಿನಲ್ಲಿ ಡೇರೆ ಎದ್ದರೆ ಮಕ್ಕಳೂ ತಾಯಂದಿರೂ ಬಗ್ಗಿ ಒಳಗೆ ನುಸುಳುವರು. ಕತ್ತಲಲ್ಲಿ ಒಂದು ತಾಮ್ರದ ಗುಂಡು. ಅದರೊಳಗೆ ದೀಪ ಹೊತ್ತಿತೆಂದರೆ ನೂರಾರು ತೂತುಗಳಿಂದ ಬೆಳಕು ಹೊರಟು ಡೇರೆಯ ತುಂಬ ಚಿಕ್ಕಿಗಳು, ಆಕಾಶದ ನಕ್ಷತ್ರಗಳ ಹಾಗೆಯೇ. ನಿನ್ನೆ ಬಬಲೇಶ್ವರದಲ್ಲಿ ಡೇರೆ ಇಳಿಸುವಾಗ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಇದನ್ನೆಲ್ಲ ಕಸ್ತೂರೆವ್ವ ಒಮ್ಮೆಯೂ ನೋಡಿದವಳಲ್ಲ. ಕೇಳಿದಾಗೆಲ್ಲ ಅವನು, “ಕತ್ತಲದಾಗ ನಿನಗ ತಲಿ ತಿರಗತೈತಿ. ಮುಂದಿನ ಬ್ಯಾಸಗಿಗಿ ನೋಡೂಣು,” ಎನ್ನುತ್ತಿದ್ದ. ಅವಳು ಇಬ್ಬರಿಗೂ ರೊಟ್ಟಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಕೂಗಿದ ಹೆಂಗಸು ಒಳಗೆ ಬಂದಳು. ಮೂವತ್ತರ ಪ್ರಾಯ. ಅವಳ ಕೈ ಹಿಡಿದು ಒಂಬತ್ತು ವರ್ಷದ ಹುಡುಗಿ, ಎರಡು ಜಡೆ. ಹುಡುಗಿ ಶಂಕ್ರೆಪ್ಪನ ಕಾಲಿಗೆ ಹಣೆ ಹಚ್ಚಿ ಎದ್ದಿತು.

“ನಾವು ಕನಮಡಿಯವ್ರು ರಿ ಯವ್ವಾ. ನಾ ಮಹಾನಂದಾ. ಇಕಿ ನನ್ನ ಮಗಳು.”

“ಏನಂತ ಕರದಿ ಆಕಿನ್ನ?” ಕಸ್ತೂರೆವ್ವ ಕೇಳಿದಳು. ಕಿವಿಗೆ ಬಿದ್ದದ್ದನ್ನು ಕಿವಿ ನಂಬಿರಲಿಲ್ಲ.

ಮಹಾನಂದಾ ನಾಲಿಗೆ ಕಚ್ಚಿಕೊಂಡಳು. “ತಪ್ಪಾತ್ರಿ ಯವ್ವಾ, ಬಾಯಿ ತಪ್ಪಿ ಒದರಿಬಿಟ್ನಿ. ಮುತ್ಯಾನೇ ಇಟ್ಟ ಹೆಸರು. ನಾ ಬಸರಿದ್ದಾಗ ನಮ್ಮೂರ ಸಾಲಿಗಿ ಡೇರೆ ಬಂದಿತ್ತು. ರಾಚವ್ವನ ಚಿಕ್ಕಿ ತೋರಿಸಿದ್ರು. ಹೆಣ್ಣ ಹುಟ್ಟಿದ್ರ ಅದೇ ಹೆಸರ ಇಡ್ತೀನಿ ಅಂದಿದ್ನಿ. ತೊಟ್ಟಲದಾಗ ಹಾಕೂ ದಿನ ನಮ್ಮ ನಾದಿನಿ ಬರಲಿಲ್ಲ ನೋಡ್ರಿ, ಸೋದರತ್ತಿ ಬದಲಿ ಮುತ್ಯಾನೇ ಕೂಸಿನ ಕಿವ್ಯಾಗ ಹೆಸರ ಕೂಗಿದ್ರು.”

“ಇವರು?”

“ಹೂಂನ್ರಿ. ಕಣ್ಣಾಗ ನೀರ ತಗದಿದ್ರು. ನಿಮಗ ಮಗಳ ಹೆಸರ ಕೇಳಿದ್ರ ಸಂಕಟ ಆಗತೈತಿ, ಮನ್ಯಾಗ ಆ ಹೆಸರ ತಗೀಬ್ಯಾಡಂತ ನೀವು ಆಣಿ ಹಾಕೀರಿ ಅಂತಿದ್ರು. ಅದಕ್ಕ ಇಷ್ಟ ವರ್ಷ ಇಕಿನ್ನ ಇಲ್ಲಿಗಿ ಕರಕೊಂಡು ಬರಲಿಲ್ಲ. ಇವತ್ತರೆ ಹೆಂಗ ಬಿಡ್ಲಿರಿ?”

ನೀರಿನ ಕೊಡ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಚಂದ್ರಕಲಾ, ಶಂಕ್ರೆಪ್ಪನ ತಂಗಿ, ಅದನ್ನು ಕೇಳಿದಳು. ಕೊಡ ಇಳಿಸುವುದನ್ನೂ ಮರೆತು ನಿಂತಳು.

ಕಸ್ತೂರೆವ್ವ ಗಂಡನ ಕಡೆ ತಿರುಗಿದಳು. ಸೊಟ್ಟ ವಿಭೂತಿ ಹಚ್ಚಿಕೊಂಡು ಅವನು ಏನೂ ಅರಿಯದವನಂತೆ ಕುಳಿತಿದ್ದ.

“ಆಣಿ ನಾ ಹಾಕಿದ್ನೆ?” ಎಂದು ಅವನನ್ನೇ ಕೇಳಿದಳು. ದುಃಖದಲ್ಲಿ ಹೀಗೆ ಮಾತಾಡುತ್ತಾರೆ ಎಂದುಕೊಂಡು ಹೆಂಗಸರು ಮತ್ತೊಮ್ಮೆ ಅತ್ತರು.

*

ಕಸ್ತೂರೆವ್ವನ ಮಗಳು ರಾಚವ್ವ ಸತ್ತದ್ದು ಆರು ವರ್ಷದವಳಿದ್ದಾಗ, ಮೇ ತಿಂಗಳಲ್ಲಿ, ನಾಲ್ಕು ದಿನದ ಜ್ವರಕ್ಕೆ. ಶಂಕ್ರೆಪ್ಪನ ತಾಯಿಯ ಹೆಸರನ್ನೇ ಇಟ್ಟಿದ್ದರು. ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಕೂಗಿದವಳು ಸೋದರತ್ತೆ ಚಂದ್ರಕಲಾ.

ವರ್ಷ ತುಂಬಿದ ದಿನ ಕಸ್ತೂರೆವ್ವ ಹೋಳಿಗೆ ಮಾಡಿದಳು. ಫೋಟೋದ ಮುಂದೆ ಒಂದಿಟ್ಟು, “ರಾಚವ್ವಗ ತುಪ್ಪ ಭಾಳ ಬೇಕಾಗಿತ್ತು,” ಎಂದಳು. ಶಂಕ್ರೆಪ್ಪ ತಾಟು ಸರಿಸಿ ಎದ್ದ.

“ಇನ್ನೊಮ್ಮಿ ಆ ಹೆಸರ ಈ ಮನ್ಯಾಗ ಬಂತಂದ್ರ ನಾ ಈ ಮನ್ಯಾಗ ಇರಂಗಿಲ್ಲ.”

ಹೋದವನು ಮೂರು ದಿನ ಬರಲಿಲ್ಲ. ಮಗ ಸಂಗನಬಸವ ಆಗ ನಾಲ್ಕರವನು, ಅಪ್ಪ ಎಲ್ಲಿ ಎಂದು ಬಾಗಿಲು ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಗಂಡ ಬಂದಾಗ ಗೋಡೆಯ ಮೇಲೆ ಫೋಟೋ ಇರಲಿಲ್ಲ. ಕಸ್ತೂರೆವ್ವ ಅದನ್ನು ಹೊದೆಯುವ ಕೌದಿಯ ಪದರದೊಳಗೆ ಇಟ್ಟು ಹೊಲಿದುಬಿಟ್ಟಿದ್ದಳು.

ಆಮೇಲೆ ಕೆಲವು ವರ್ಷ ಅವಳು ರೊಟ್ಟಿ ಬಡಿಯುವಾಗ ಹೆಸರು ಹೇಳಿಕೊಳ್ಳುತ್ತಿದ್ದಳು. ಪಟಪಟ ಸಪ್ಪಳದೊಳಗೆ ಯಾರಿಗೂ ಕೇಳಿಸದು. ಬರಬರುತ್ತ ಅದೂ ನಿಂತಿತು. ತನ್ನ ಬಾಯಿಯ ಮೇಲೆ ತನಗೇ ಹೆದರಿಕೆ.

ಹನ್ನೆರಡು ವರ್ಷದ ಹಿಂದೆ ಚಂದ್ರಕಲಾಗೆ ಮೊಮ್ಮಗಳು ಹುಟ್ಟಿದಳು. ಪೇಡೆ ಹಿಡಿದು ಓಡಿ ಬಂದು, “ನಮ್ಮವ್ವನ ಹೆಸರ ಇಡ್ತೀವಿ ಅಣ್ಣಾ,” ಎಂದಳು; ಹೆಸರು ಇನ್ನೂ ಬಾಯಿಗೆ ಬಂದಿರಲಿಲ್ಲ. ಶಂಕ್ರೆಪ್ಪ ಮಾತಾಡದೆ ವ್ಯಾನು ತೊಳೆಯಲು ಹೋದ. ಉತ್ತರ ಹೇಳುವ ಕೆಲಸ ಕಸ್ತೂರೆವ್ವನ ಪಾಲಿಗೆ ಬಂತು.

“ಬ್ಯಾಡ ಚಂದ್ರವ್ವಾ. ಬ್ಯಾರೆ ಯಾವದರೆ ಇಡು.”

“ನಮ್ಮವ್ವನ ಹೆಸರ ಬ್ಯಾಡನ್ನಾಕ ನೀ ಯಾರ ವೈನಿ?”

ಗಂಡನ ಮರ್ಯಾದೆ ಕಾಯಲು ಕಸ್ತೂರೆವ್ವ ಬಾಯಿ ಬಿಡಲಿಲ್ಲ. ಆ ಕೂಸು ಕಾವ್ಯಾ ಆಯಿತು. ಚಂದ್ರಕಲಾ ಎರಡು ವರ್ಷ ಈ ಹೊಸ್ತಿಲು ತುಳಿಯಲಿಲ್ಲ; ತುಳಿದ ಮೇಲೂ ವೈನಿಯ ಜೊತೆ ಬೇಕಾದಷ್ಟೇ ಮಾತು.

*

ಮಧ್ಯಾಹ್ನದ ಹೊತ್ತಿಗೆ ಇಮ್ರಾನ ಬಂದ. ಹೆಗಲ ಮೇಲೆ ಗೋಣಿಚೀಲ. ಅದರೊಳಗಿಂದ ತಾಮ್ರದ ಗುಂಡನ್ನು ತೆಗೆದು ಕಟ್ಟೆಯ ಮೇಲಿಟ್ಟ. ದೊಡ್ಡ ಕಲ್ಲಂಗಡಿಯಷ್ಟಿತ್ತು. ಅವನನ್ನು ಕಸ್ತೂರೆವ್ವ ಹಿತ್ತಲಿಗೆ ಕರೆದಳು. ಕನಮಡಿಯ ಹುಡುಗಿಯೂ ಹಿಂದೆಯೇ ಬಂತು.

“ಕಾಕಾ,” ಎಂದು ಅದು ಇಮ್ರಾನನನ್ನು ಕೇಳಿತು, “ನನ್ನ ಚಿಕ್ಕಿ ನಮ್ಮ ಮಾಳಿಗಿ ಮ್ಯಾಲ ಯಾಕ ಕಾಣಂಗಿಲ್ಲ? ಮುತ್ಯಾ ಮೋಡ ಮುಚ್ಚೈತಿ ಅಂತಿದ್ದ. ಬ್ಯಾಸಗ್ಯಾಗ ಎಲ್ಲೈತಿ ಮೋಡ?”

ಇಮ್ರಾನ ತಲೆ ಕೆಳಗೆ ಹಾಕಿದ. ಹುಡುಗಿಯನ್ನು ಅವಳವ್ವನ ಹತ್ತಿರ ಕಳಿಸಿ ಹೇಳಿದ, “ಆಕಾಶದಾಗ ಅದು ಇಲ್ಲೇ ಇಲ್ಲ ಕಾಕು. ಈ ಗುಂಡದಾಗ ಅಷ್ಟ ಐತಿ. ನಕ್ಷಾ ಇಟಗೊಂಡು ಇದರ ತೂತೆಲ್ಲಾ ನಾನೇ ಹೊಡದಾಂವ. ಒಂದಿನ ನೋಡಿದ್ರ ಒಂದ ತೂತ ಹೆಚ್ಚಿಗಿ. ಶಂಕ್ರೆಪ್ಪ ಕಾಕಾ ಕೈ ಮುಗದು, ಇರಲಿ ಬಿಡೋ ಅಂದ್ರು. ನನ್ನ ತೂತೆಲ್ಲಾ ದುಂಡಗ. ಅದೊಂದು ಸಣ್ಣದು, ಸೂಜೀಲೆ ಹೊಡದದ್ದು.”

“ಸೂಜೀಲೆ?”

“ಕೌದಿ ಹೊಲಿಯೂ ಸೂಜಿ ಕಾಕು.”

ಕಸ್ತೂರೆವ್ವನಿಗೆ ನೆನಪಾಯಿತು. ಹದಿನಾರು ವರ್ಷದ ಹಿಂದೆ ಗಂಡ ಅವಳ ಗಟ್ಟಿ ಸೂಜಿಯನ್ನು ಕೇಳಿ ಒಯ್ದು ಮರುದಿನ ಮೊನೆ ಮುರಿದು ತಂದಿದ್ದ. ಅವಳು ಬೈದಿದ್ದಳು. ಅವನು ನಕ್ಕಿದ್ದ.

“ಆ ಚಿಕ್ಕಿ ತೋರಿಸಿ ಏನ ಹೇಳ್ತಿದ್ರು?”

“ಇವತ್ತ ಯಾಕ ಕಾಕು ಅದೆಲ್ಲಾ.”

“ಹೇಳು ಇಮ್ರಾನ.”

“ತೂತಿನ ಮ್ಯಾಲ ಬೆರಳ ಇಟ್ಟು ಮುಚ್ಚತಿದ್ರು. ‘ಇಲ್ಲೊಂದು ಚಿಕ್ಕಿ ಐತಿ, ರಾಚವ್ವ ಅಂತ. ಇಕಿ ಅವ್ವ ಇಕಿನ್ನ ಕರಿಯೂದು ಬಿಟ್ಟಾಳ. ಅದಕ್ಕ ಆರಿ ಕುಂತಾಳ. ನೀವು ಕರದ್ರ ಬೆಳಗತಾಳ’ ಅಂತಿದ್ರು. ಡೇರೇದಾಗಿನ ಹುಡುಗ್ರು, ದೊಡ್ಡವ್ರು ಎಲ್ಲಾ ಕೂಡಿ ರಾಚವ್ವಾ ಅಂತ ಒದರೋರು. ಬೆರಳ ತಗೀತಿದ್ರು. ಬೆಳಕ ಬೀಳತಿತ್ತು.”

ಕಸ್ತೂರೆವ್ವ ಹಿತ್ತಲ ಕಲ್ಲಿನ ಮೇಲೆ ಕುಳಿತಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಬೇಸಿಗೆ, ಇಷ್ಟು ಊರು, ಎಷ್ಟು ಸಾವಿರ ಬಾಯಿ! ಕಂಡವರ ಮಕ್ಕಳೆಲ್ಲ ತನ್ನ ಮಗಳನ್ನು ಕರೆದಿದ್ದರು. ಹೆತ್ತವಳ ಬಾಯಿಗೆ ಮಾತ್ರ ಬೀಗ. ಬೀಗ ಹಾಕಿದವನೇ ಊರೂರು ತಿರುಗಿ, ಕೀಲಿ ಅವಳ ಕೈಯಲ್ಲಿದೆ ಎಂದು ಹೇಳಿ ಬಂದಿದ್ದ. ಆ ಜನರೆಲ್ಲ ಕತ್ತಲಲ್ಲಿ ಕುಳಿತು ಎಂಥ ಕಲ್ಲೆದೆಯ ತಾಯಿ ಎಂದುಕೊಂಡಿದ್ದರೋ ಏನೋ. ತಾನು ಆ ಡೇರೆಯೊಳಗೆ ಯಾಕೆ ಹೋಗಬಾರದಿತ್ತು ಎಂಬುದು ಅವಳಿಗೆ ಈಗ ತಿಳಿಯಿತು.

*

ಮೂರು ಗಂಟೆಗೆ ಅಂಗಳದಲ್ಲಿ ಹೆಣ ಹೊತ್ತೊಯ್ಯುವ ಹೂವಿನ ವಿಮಾನ ಸಿದ್ಧವಾಯಿತು. ಶಂಕ್ರೆಪ್ಪನನ್ನು ಅದರಲ್ಲಿ ಕೂರಿಸಿದರು. ಸಂಗನಬಸವ ತಾಮ್ರದ ಗುಂಡನ್ನು ಎತ್ತಿ ತಂದು ಅಪ್ಪನ ತೊಡೆಯ ಮೇಲಿಟ್ಟ. ಇಮ್ರಾನ ಕಣ್ಣೊರೆಸಿಕೊಂಡ. ಕೇಂದ್ರದ ಸಾಹೇಬರೂ ತಲೆಯಾಡಿಸಿ, “ಇದು ಅವರದೇ ರಿ, ಅವರ ಜೋಡಿನೇ ಹೋಗಲಿ,” ಎಂದರು.

ಕಸ್ತೂರೆವ್ವ ಮುಂದೆ ಬಂದಳು.

“ಅದನ್ನ ಇಳಿಸು.”

“ಯವ್ವಾ, ಅಪ್ಪನ ಜೀವ ಇದರಾಗ ಇತ್ತಲ್ಲ ಬೇ. ಜೋಡಿ ಮಣ್ಣಾಗ ಇಡೂಣು.”

“ನಿಮ್ಮಪ್ಪ ಒಯ್ಯೂದೆಲ್ಲಾ ಒಯ್ದಾನ. ಇದು ನಂದು.”

ಮಗ ಹಾಗೆಯೇ ನಿಂತ. ಅವಳೇ ಎರಡೂ ಕೈ ಹಾಕಿ ಗುಂಡನ್ನು ಎತ್ತಿಕೊಂಡಳು. ಹಿಂದೆ ಯಾರೋ, “ಈ ಹೊತ್ತಿನ್ಯಾಗೂ ತಾಮ್ರದ ಆಸೆ ನೋಡ,” ಎಂದು ಪಿಸುಗುಟ್ಟಿದರು. ಮಹಾನಂದಾ ಮಗಳ ಕೈ ಹಿಡಿದುಕೊಂಡು ಮುಖ ಬೇರೆ ಕಡೆ ತಿರುಗಿಸಿದಳು. ಅಷ್ಟು ಜನರ ಮುಂದೆ ಕಸ್ತೂರೆವ್ವ ಒಮ್ಮೆ ಬಾಯಿ ತೆರೆದಳು. ಆಣೆ ಹಾಕಿದ್ದು ತಾನಲ್ಲ ಎಂದು ಈಗ ಹೇಳಿದರೆ ಹೇಳಿದಂತೆ. ಇನ್ನು ಅವನು ಕೇಳುವುದಿಲ್ಲ. ಆದರೆ ಮಗ ಅಳುತ್ತಿದ್ದ, ನಾಲ್ಕರ ವಯಸ್ಸಿನಲ್ಲಿ ಬಾಗಿಲಲ್ಲಿ ಕುಳಿತು ಅತ್ತ ಹಾಗೆಯೇ. ಅವಳು ಬಾಯಿ ಮುಚ್ಚಿದಳು.

ಕ್ರಿಯೆ ಮಾಡಿಸಲು ಬಂದ ಅಯ್ಯನವರು ಮೆಲ್ಲಗೆ, “ಹಣಿಮ್ಯಾಲಿನ ವಿಭೂತಿ ಸೊಟ್ಟ ಆಗೇತಿ ತಾಯಿ, ಸರಿ ಮಾಡ್ರಿ,” ಎಂದರು.

“ಇರ್ಲಿ ಬಿಡ್ರಿ,” ಎಂದು ಕಸ್ತೂರೆವ್ವ ಒಳಗೆ ಹೋದಳು.

ವಿಮಾನ ಎದ್ದಿತು. ಹೆಂಗಸರೂ ಮಣ್ಣು ಮಾಡುವ ಹೊಲದ ತನಕ ಹೊರಟರು. ಕಸ್ತೂರೆವ್ವ ಹೋಗಲಿಲ್ಲ. ಹೆಣ ಕೂತಿದ್ದ ಜಾಗದಲ್ಲಿ ಪದ್ಧತಿಯಂತೆ ದೀಪ ಹಚ್ಚಿಟ್ಟಿದ್ದರು. ಗೋಡೆಯ ಮೇಲೆ ಅವನು ತಲೆ ಆನಿಸಿದ್ದ ಕಡೆ ಎಣ್ಣೆಯ ಕಲೆ. ಅವಳು ಬಾಗಿಲು ಮುಂದೆ ಮಾಡಿ, ಬೆಳಕಿಂಡಿಯ ಮುಚ್ಚಳ ಎಳೆದಳು. ಗುಂಡಿನ ಮೇಲಿನ ಅರ್ಧವನ್ನು ಬಿಚ್ಚಿ, ಎರಡು ಇಟ್ಟಿಗೆ ಇಟ್ಟು, ದೀಪದ ಮೇಲೆ ಬೋರಲು ಹಾಕಿದಳು.

ಗೋಡೆ, ತೊಲೆ, ಜೋಳದ ಚೀಲ, ತನ್ನ ಸೀರೆ, ಎಲ್ಲದರ ಮೇಲೂ ಚಿಕ್ಕಿಗಳು. ದೀಪದ ಬೆಳಕಾದ್ದರಿಂದ ಒಂದೊಂದೂ ತಲೆಕೆಳಗಾದ ಪುಟ್ಟ ಉರಿಯಾಗಿ ನಡುಗುತ್ತಿತ್ತು. ಅವಳು ತಾಮ್ರದ ಮೇಲೆ ಬೆರಳಾಡಿಸಿದಳು. ದುಂಡು ತೂತು, ದುಂಡು ತೂತು. ಒಂದೆಡೆ ಬೆರಳಿಗೆ ಚೂಪಾದ ಅಂಚು ತಾಗಿತು. ತನ್ನ ಸೂಜಿಯದು. ಅದರ ಮೇಲೆ ಬೆರಳಿಟ್ಟು ಮುಚ್ಚಿದಳು.

ಬಾಗಿಲು ಸರಿಯಿತು. ಚಂದ್ರಕಲಾ ಒಳಗೆ ಬಂದು ಬಾಗಿಲು ಮತ್ತೆ ಮುಂದೆ ಮಾಡಿ ಪಕ್ಕದಲ್ಲಿ ಕುಳಿತಳು. ಅವಳೂ ಹೊಲಕ್ಕೆ ಹೋಗಿರಲಿಲ್ಲ.

“ವೈನಿ. ನಮ್ಮವ್ವನ ಹೆಸರ ಬ್ಯಾಡಂದಾಕಿ ನೀ ಅಲ್ಲ ಹೌದಿಲ್ಲೊ?”

“ನಾ ಅಲ್ಲ.”

“ಹನ್ನೆರಡ ವರ್ಷ ಹೇಳಲಿಲ್ಲಲ್ಲ ಬೇ.”

ತಾಮ್ರ ಕಾಯತೊಡಗಿತ್ತು. ಬೆರಳು ಚುರುಗುಟ್ಟಿತು. ಹೊರಗೆ ಬರುವ ದಾರಿ ಹೆಸರಿಗೆ ಮರೆತುಹೋದಂತಿತ್ತು. ಮೊದಲ ಸಲ ಬರೀ ಉಸಿರು ಬಂತು. ಎರಡನೆಯ ಸಲ ಬಂತು, ರೊಟ್ಟಿಯ ಸಪ್ಪಳವಿಲ್ಲದೆ.

“ರಾಚವ್ವಾ.”

ಬೆರಳು ತೆಗೆದಳು. ಗೋಡೆಯ ಮೇಲೆ, ಎಣ್ಣೆಯ ಕಲೆಗಿಂತ ಒಂದು ಗೇಣು ಮೇಲೆ, ಉಳಿದೆಲ್ಲಕ್ಕಿಂತ ಸಣ್ಣದೊಂದು ಉರಿ ಬಂದು ಕುಳಿತಿತು. ಚಂದ್ರಕಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಬ್ಬರೂ ನೋಡುತ್ತ ಕುಳಿತರು.

ಅಂಗಳದಲ್ಲಿ ಮಣ್ಣು ಮಾಡಿ ಬಂದವರ ಕಾಲ ಸಪ್ಪಳ, ಕೊಡಗಳ ಸಪ್ಪಳ. ಯಾರೋ ಬಾಗಿಲ ಚಿಲಕಕ್ಕೆ ಕೈ ಹಾಕಿದರು.

ಕಸ್ತೂರೆವ್ವ ಕಾದ ತಾಮ್ರದ ಆ ಸಣ್ಣ ತೂತಿನ ಮೇಲೆ ಮತ್ತೆ ಬೆರಳೊತ್ತಿದಳು.